ಸವಾರನ ಹಕ್ಕು

ಹೊಸದಾಗಿ ಮೋಟಾರ್ ಬೈಕು ಕೊಂಡವನನ್ನು ನಮ್ಮ ಊರುಗಳಲ್ಲಿ ಎರಡು ಪ್ರಶ್ನೆಗಳು ಎದುರುಗೊಳ್ಳುತ್ತವೆ. ನಡುವಯಸ್ಸು ದಾಟಿದವರು, 'ಎಷ್ಟು ಕೊಡುತ್ತೆ?' ಎಂದು ಕೇಳುತ್ತಾರೆ. ಒಂದು ಲೀಟರು ಪೆಟ್ರೋಲಿಗೆ ಎಷ್ಟು ಕಿಲೋಮೀಟರು ಓಡುತ್ತದೆ ಎಂಬುದು ಅದರ ತಾತ್ಪರ್ಯ. ಹುಡುಗರು ಕೇಳುವುದು, 'ಎಷ್ಟು ಹೋಗುತ್ತೆ?' ಎಂದು. ಗಾಡಿ ಒಂದೇ. ಆದರೆ ಮೊದಲನೆಯದು ಸಂಸಾರಿಯ ಪ್ರಶ್ನೆ, ಎರಡನೆಯದು ಸಾಹಸಿಯ ಪ್ರಶ್ನೆ. ಒಂದನ್ನು ವಿವೇಕವೆಂದೂ ಇನ್ನೊಂದನ್ನು ಹುಡುಗಾಟವೆಂದೂ ಹೆಸರಿಟ್ಟು ನಾವು ಹಿರಿಯರು ನಿಶ್ಚಿಂತರಾಗಿಬಿಡುತ್ತೇವೆ. ವಿಷಯ ಅಷ್ಟು ಸುಲಭವಾಗಿ ತೀರುವಂಥದಲ್ಲವೆಂದು ನನ್ನ ಭಾವನೆ. ವೇಗವಾಗಿ ಹೋಗಬೇಕೆಂಬ ಆಸೆ ತಪ್ಪೆ? ಆ ಆಸೆಯ ಬೆನ್ನಿಗೆ ಬರುವ ಅಪಾಯ ಸವಾರನೊಬ್ಬನ ಸ್ವಂತ ಆಸ್ತಿಯೆ? ಅವನ ಪ್ರಾಣ, ಅವನ ಇಷ್ಟ ಎಂದು ಉಳಿದವರು ಸುಮ್ಮನಿರಬಹುದೆ? ಈ ಪ್ರಶ್ನೆಗಳಿಗೆ ಉತ್ತರ ಹೇಳುವ ಮೊದಲು ಆ ಹುಡುಗರ ಮಾತನ್ನು ಸ್ವಲ್ಪ ಸಹನೆಯಿಂದ ಕೇಳುವುದು ನ್ಯಾಯ.

ಗಾಡಿಗೂ ಗಾಡಿಗೂ ಹೋಲಿಕೆ ಹಚ್ಚಿ ವಾದಿಸುವ ಚಟ ಇಂದಿನದೇನೂ ಅಲ್ಲ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಜಾವಾ ಬೈಕುಗಳು ತಯಾರಾಗತೊಡಗಿದವು. ಮುಂದೆ ಅವು ಯೆಜ್ಡಿಯಾದವು. ಗೇರು ಹಾಕುವ ಸನ್ನೆಯನ್ನೇ ಮೇಲೆತ್ತಿ ತಿರುಗಿಸಿ ಒದ್ದರೆ ಎಂಜಿನು ಹೊತ್ತಿಕೊಳ್ಳುತ್ತಿತ್ತು. ಬುಲೆಟ್ಟಿನವರು ಜಾವಾದ ಸದ್ದನ್ನು ಹಾಸ್ಯ ಮಾಡುತ್ತಿದ್ದರು, ಜಾವಾದವರು ಬುಲೆಟ್ಟಿನ ತೂಕವನ್ನು. 1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂದಿತು. ನೂರು ಸಿ.ಸಿ.ಯೂ ತುಂಬದ ಆ ಪುಟ್ಟ ಎಂಜಿನು ಹನ್ನೊಂದು ಕುದುರೆಯ ಬಲ ತೋರಿಸಿ ದೊಡ್ಡ ಗಾಡಿಗಳ ಸೊಕ್ಕನ್ನು ಮುರಿಯಿತು. ನಾನು ಓದುತ್ತಿದ್ದ ಕಾಲದಲ್ಲಿ ಕಾಲೇಜಿನ ಸೈಕಲ್ ಸ್ಟ್ಯಾಂಡಿನ ಬಳಿ ನಡೆಯುತ್ತಿದ್ದ ಚರ್ಚೆಗಳಲ್ಲಿ ಅರ್ಧ ಈ ಗಾಡಿಯದೇ. ಮೈಸೂರಿನ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆರ್‌ಎಕ್ಸ್ 100ರ ತಯಾರಿಕೆಯೂ ಅದೇ ವರ್ಷ ನಿಂತಿತು. ಅಭಿಮಾನ ಮಾತ್ರ ನಿಂತಿಲ್ಲ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಹಳೆಯ ಜಾವಾ, ಯೆಜ್ಡಿಗಳನ್ನು ಉಜ್ಜಿ ಹೊಳಪು ಮಾಡಿಕೊಂಡು ಮೆರವಣಿಗೆ ಹೊರಡುವವರಲ್ಲಿ ತಲೆ ನರೆತವರೇನೂ ಕಡಮೆಯಿಲ್ಲ. ಆದ್ದರಿಂದ ಹುಡುಗರನ್ನು ಬೈಯುವ ಮೊದಲು ಅಪ್ಪಂದಿರು ಒಮ್ಮೆ ತಮ್ಮ ಹಳೆಯ ಫೋಟೋಗಳನ್ನು ನೋಡಿಕೊಳ್ಳುವುದು ಒಳ್ಳೆಯದು.

ಬಿಡದಿಯಲ್ಲಿ ತಟ್ಟೆ ಇಡ್ಲಿಯ ಹೋಟೆಲುಗಳ ಮುಂದೆ ಭಾನುವಾರ ಬೆಳಗ್ಗೆ ನಿಂತರೆ ಈಗಿನ ಚರ್ಚೆ ಕಿವಿಗೆ ಬೀಳುತ್ತದೆ. ಬೆಂಗಳೂರಿನಿಂದ ಕತ್ತಲಲ್ಲೇ ಹೊರಟು ಬಂದ ಐದಾರು ಜನ; ಮೈಮೇಲೆ ದಪ್ಪ ಕೋಟು, ಮೊಣಕಾಲಿಗೆ ಕಾಪು. 'ನಿಂದು ನೂರೈವತ್ತೈದು ಸಿ.ಸಿ. ಮಗಾ, ನನ್ನ ಡ್ಯೂಕಿನ ಹತ್ರ ಏನು ಮಾತು' ಎಂದು ಒಬ್ಬ. 'ತಿರುವಿನಲ್ಲಿ ಬಾ ಗುರು, ಅಲ್ಲಿ ನೋಡೋಣ' ಎಂದು ಆರ್15ರವನು. ಇವರಿಬ್ಬರ ಮಾತನ್ನೂ ಕೇಳದವನಂತೆ ಲೀಟರು ಎಂಜಿನಿನ ಕವಾಸಕಿಯವನು ಚಟ್ನಿ ಹಾಕಿಸಿಕೊಳ್ಳುತ್ತಾನೆ. ಸುಮಾರು ಇನ್ನೂರು ಕುದುರೆಯ ಬಲದ ಯಂತ್ರದ ಒಡೆಯನಿಗೆ ವಾದದ ಅಗತ್ಯ ಕಾಣುವುದಿಲ್ಲ. ಪಿಸ್ಟನ್ನು, ತಿರುಚುಬಲ, ಟೈರಿನ ಅಗಲ, ಸೊನ್ನೆಯಿಂದ ನೂರು ಮುಟ್ಟಲು ಎಷ್ಟು ಸೆಕೆಂಡು, ಎಲ್ಲವೂ ಅಂಕೆಯಲ್ಲಿ. ಛಂದಶ್ಶಾಸ್ತ್ರದ ಪಾಠದಲ್ಲಿ ಮಾತ್ರೆ ಎಣಿಸಲು ಆಕಳಿಸುವ ಹುಡುಗರು ಇಲ್ಲಿ ದಶಮಾಂಶವನ್ನೂ ಬಿಡದೆ ಒಪ್ಪಿಸುವುದನ್ನು ಕಂಡರೆ ಕನ್ನಡ ಮೇಷ್ಟರಿಗೆ ತುಸು ಅಸೂಯೆಯಾಗುವುದು ಸಹಜ.

ಆದರೆ ಕಾಫಿ ಬರುವ ಹೊತ್ತಿಗೆ ಮಾತು ಗಾಡಿಯಿಂದ ದಾರಿಗೆ ಹೊರಳುತ್ತದೆ, ಆಗ ಅದರ ಸ್ವರವೇ ಬೇರೆಯಾಗುತ್ತದೆ. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಮಂಜು ಕವಿದು ಮುಂದಿನ ಗಾಡಿಯ ಕೆಂಪು ದೀಪವೊಂದೇ ಕಾಣುತ್ತಿದ್ದುದು. ಚಾರ್ಮಾಡಿಯಲ್ಲಿ ಮಳೆಗೆ ಸಿಕ್ಕಿ ಯಾವುದೋ ಗೂಡಂಗಡಿಯ ತಗಡಿನ ಕೆಳಗೆ ಎರಡು ಗಂಟೆ ನಿಂತದ್ದು. ಹಿರಿಯೂರಿನ ಆಚೆ ಟೈರು ಪಂಕ್ಚರಾದಾಗ ದಾರಿಹೋಕನೊಬ್ಬ ತನ್ನ ಕೆಲಸ ಬಿಟ್ಟು ಜೊತೆಗೆ ಬಂದದ್ದು. ಗಮನಿಸಿ ನೋಡಿ. ಗಾಡಿಯ ಮಾತಿನಲ್ಲಿ ವೇಗವೇ ಎಲ್ಲ. ಪಯಣದ ಮಾತಿನಲ್ಲಿ ವೇಗದ ಸುದ್ದಿಯೇ ಇಲ್ಲ. ನೆನಪಿನಲ್ಲಿ ಉಳಿದದ್ದೆಲ್ಲ ನಿಂತ ಗಳಿಗೆಗಳು, ನಿಧಾನವಾದ ಗಳಿಗೆಗಳು. ಹಾಗೆಂದು ವೇಗ ವ್ಯರ್ಥವೆಂದು ತೀರ್ಮಾನಿಸುವುದೂ ಸರಿಯಲ್ಲ. ಆ ಗಾಡಿಯ ಮೇಲಿನ ಮೋಹವಿಲ್ಲದಿದ್ದರೆ ಇವರು ಭಾನುವಾರ ಬೆಳಗ್ಗೆ ಹಾಸಿಗೆಯನ್ನೇ ಬಿಡುತ್ತಿರಲಿಲ್ಲ. ಆಗುಂಬೆಯ ಮಂಜು ಇವರಿಗೆ ಕಾಣುತ್ತಲೂ ಇರಲಿಲ್ಲ.

ವೇಗದ ಪಕ್ಷದಲ್ಲಿ ಹೇಳಬೇಕಾದ ಮಾತುಗಳಿವೆ. ನಮ್ಮ ಬಹುಪಾಲು ಬದುಕು ಅರೆಗಮನದಲ್ಲಿ ಕಳೆಯುತ್ತದೆ. ಉಣ್ಣುವಾಗ ಕಚೇರಿಯ ಚಿಂತೆ, ಕಚೇರಿಯಲ್ಲಿ ಮನೆಯ ಚಿಂತೆ. ಬೈಕಿನ ಮೇಲೆ ಗಾಳಿಯನ್ನು ಸೀಳಿಕೊಂಡು ಹೋಗುವವನಿಗೆ ಆ ಸೌಕರ್ಯವಿಲ್ಲ. ಕಣ್ಣು, ಕೈ, ಕಾಲು, ಬೆನ್ನು ಎಲ್ಲವೂ ಆ ಕ್ಷಣದಲ್ಲೇ ಇರಬೇಕು. ಧ್ಯಾನಕ್ಕೆ ಕುಳಿತವನಿಗೆ ದುರ್ಲಭವಾದ ಏಕಾಗ್ರತೆ ಇವನಿಗೆ ಭಯದ ಕೃಪೆಯಿಂದ ದೊರಕುತ್ತದೆ. ಅರೇಬಿಯದ ಮರುಭೂಮಿಯಲ್ಲಿ ಹೆಸರು ಮಾಡಿದ ಟಿ. ಇ. ಲಾರೆನ್ಸ್ ಕೀರ್ತಿಯನ್ನು ಬಿಟ್ಟು ವಾಯುಪಡೆಯಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದ ಮೇಲೆ ಅವನಿಗೆ ನೆಮ್ಮದಿ ಕೊಟ್ಟ ಕೆಲವೇ ವಸ್ತುಗಳಲ್ಲಿ ಅವನ ಬ್ರಫ್ ಸುಪೀರಿಯರ್ ಬೈಕು ಒಂದು. ಒಂದಾದ ಮೇಲೊಂದರಂತೆ ಏಳು ಗಾಡಿಗಳನ್ನು ಇಟ್ಟುಕೊಂಡಿದ್ದ. ಅವುಗಳಿಗೆ ಹೆಸರಿಟ್ಟು ಕರೆಯುತ್ತಿದ್ದ. ವಿಮಾನವೊಂದರ ಜೊತೆ ಪಂದ್ಯ ಕಟ್ಟಿ ಓಡಿದ ಅನುಭವವನ್ನು ಬರೆದೂ ಇಟ್ಟಿದ್ದಾನೆ. ಇಂಥ ಮನುಷ್ಯನ ಆನಂದವನ್ನು ಬರಿಯ ಶೋಕಿ ಎಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ.

ನಮ್ಮ ಪರಂಪರೆಯೂ ಚಲನೆಯನ್ನು ಹೀನವೆಂದು ಕಂಡದ್ದಲ್ಲ. ಸ್ಥಾವರಕ್ಕಿಂತ ಜಂಗಮ ಮೇಲೆಂದು ಸಾರಿದ ನೆಲ ಇದು. ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಉಪದೇಶಿಸುವಾಗ ಆರಿಸಿಕೊಂಡ ಹೋಲಿಕೆ ರಥದ್ದು: ಶರೀರ ರಥ, ಇಂದ್ರಿಯಗಳು ಕುದುರೆ, ಮನಸ್ಸು ಲಗಾಮು, ಬುದ್ಧಿ ಸಾರಥಿ, ಒಳಗೆ ಕುಳಿತವನು ಆತ್ಮ. ಸುಲಭವಾಗಿ ಮರೆತುಹೋಗುವ ಒಂದು ಅಂಶ ಅಲ್ಲಿದೆ. ಆ ಉಪಮೆ ಕುದುರೆಗಳನ್ನು ಬಿಚ್ಚಿಹಾಕಿರೆಂದು ಹೇಳುವುದಿಲ್ಲ. ಕುದುರೆಯಿಲ್ಲದ ರಥ ಎಲ್ಲಿಗೂ ಹೋಗುವುದಿಲ್ಲ. ಅದು ಕೇಳುವುದು ಸಾರಥಿ ಎಚ್ಚರವಾಗಿದ್ದಾನೆಯೆ ಎಂದು. ಎಂಜಿನಿನ ಬಲವನ್ನು ಇಂದಿಗೂ ಕುದುರೆಯ ಲೆಕ್ಕದಲ್ಲಿ ಅಳೆಯುವ ನಾವು ಸಾರಥಿಯ ಬಲವನ್ನು ಅಳೆಯುವ ಮಾನವೊಂದನ್ನು ಕಂಡುಹಿಡಿದಿಲ್ಲ. ಬಿಡದಿಯ ಆ ಚರ್ಚೆಯಲ್ಲಿ ಕೊರತೆಯೇನಾದರೂ ಇದ್ದರೆ ಇದು: ಹೋಲಿಕೆಯೆಲ್ಲ ಕುದುರೆಗಳದು, ಸಾರಥಿಗಳದಲ್ಲ.

ಹೋಲಿಕೆ ಎಂಬುದು ಎಲ್ಲಿಯವರೆಗೆ ಹೋಗಬಲ್ಲದೆಂಬುದಕ್ಕೆ ಒಂದು ಉದಾಹರಣೆ. 1996ರಲ್ಲಿ ಹೋಂಡಾದವರು ಸೂಪರ್ ಬ್ಲ್ಯಾಕ್‌ಬರ್ಡ್ ಎಂಬ ಗಾಡಿಯನ್ನು ತಂದು ವೇಗದಲ್ಲಿ ಮೇಲುಗೈ ಪಡೆದರು. 1999ರಲ್ಲಿ ಸುಜುಕಿಯವರು ಹಯಬುಸಾ ತಂದರು. ಆ ಜಪಾನೀ ಮಾತಿಗೆ ಡೇಗೆಯ ಜಾತಿಯ ಹಕ್ಕಿಯೆಂದು ಅರ್ಥ. ಬ್ಲ್ಯಾಕ್‌ಬರ್ಡಿನಂಥ ಹಕ್ಕಿಗಳನ್ನು ಹಿಡಿದು ತಿನ್ನುವ ಹಕ್ಕಿ ಅದು. ಗಾಡಿ ಗಂಟೆಗೆ ಮುನ್ನೂರು ಕಿಲೋಮೀಟರನ್ನು ದಾಟಿತು. ಕವಾಸಕಿಯವರು ಅದನ್ನೂ ಮೀರಿಸಲು ಹೊರಟರು. ಈ ಓಟ ಹೀಗೇ ನಡೆದರೆ ಯೂರೋಪಿನ ಸರ್ಕಾರಗಳು ಗಾಡಿಗಳನ್ನೇ ನಿಷೇಧಿಸಿಯಾವೆಂಬ ಅಂಜಿಕೆ ಹುಟ್ಟಿದಾಗ ತಯಾರಕರು ತಮ್ಮತಮ್ಮಲ್ಲೇ ಒಪ್ಪಂದಕ್ಕೆ ಬಂದರು: 299ರಲ್ಲಿ ನಿಲ್ಲೋಣ ಎಂದು. ಈ ಒಪ್ಪಂದ ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. 299 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಎಂಬತ್ತಮೂರು ಮೀಟರು ಹೋಗುತ್ತದೆ. ಸಾಮಾನ್ಯ ರಸ್ತೆಯ ಮೇಲೆ ಅದಕ್ಕೆ ಸ್ಥಳವೇ ಇಲ್ಲ. ಆದರೂ ಅದಕ್ಕೆ ಒಂದು ಎಲ್ಲೆ ಬೇಕಾಯಿತು. ಹೋಲಿಕೆಗೆ ತನ್ನೊಳಗೆ ನಿಲ್ಲುವ ಗುಣವಿಲ್ಲ, ನಿಲ್ಲಿಸುವವರು ಹೊರಗಿನಿಂದ ಬರಬೇಕು ಎಂಬುದನ್ನು ವ್ಯಾಪಾರಿಗಳೇ ಒಪ್ಪಿಕೊಂಡಂತಾಯಿತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. 'ಪ್ರಾಣ ನನ್ನದು, ನಿಮಗೇನು?' ಎಂದು ಸವಾರ ಕೇಳಿದರೆ ಏನು ಹೇಳಬೇಕು?

ಈ ಮಾತು ಪೂರ್ತಿಯಾಗಿ ಸಲ್ಲುವ ಸ್ಥಳವೊಂದಿದ್ದರೆ ಅದು ಐಲ್ ಆಫ್ ಮ್ಯಾನ್ ದ್ವೀಪದ ಪಂದ್ಯ. 1907ರಲ್ಲಿ ಆರಂಭವಾದ ಈ ಸ್ಪರ್ಧೆ 1911ರಿಂದ ಬೆಟ್ಟದ ದಾರಿಯನ್ನು ಹಿಡಿಯಿತು. ಒಂದು ಸುತ್ತಿಗೆ ಸುಮಾರು ಅರವತ್ತು ಕಿಲೋಮೀಟರು. ಪಂದ್ಯಕ್ಕೆಂದೇ ಕಟ್ಟಿದ ಮೈದಾನವಲ್ಲ. ಜನ ದಿನನಿತ್ಯ ಓಡಾಡುವ ರಸ್ತೆ, ಎರಡೂ ಬದಿಗೆ ಮನೆ, ಕಲ್ಲಿನ ಗೋಡೆ, ದೀಪದ ಕಂಬ. ಪಂದ್ಯದ ಹೊತ್ತಿಗೆ ಕಾನೂನಿನ ಪ್ರಕಾರ ಆ ರಸ್ತೆಯನ್ನು ಮುಚ್ಚುತ್ತಾರೆ. ಆ ದಾರಿಯಲ್ಲಿ ಈವರೆಗೆ ಸತ್ತ ಸ್ಪರ್ಧಿಗಳ ಸಂಖ್ಯೆ 250ಕ್ಕೂ ಹೆಚ್ಚು. 1972ರಲ್ಲಿ ಗಿಲ್ಬರ್ಟೊ ಪಾರ್ಲೊಟ್ಟಿ ಅಲ್ಲಿ ಸತ್ತ ಮೇಲೆ ಅವನ ಗೆಳೆಯ, ಅಲ್ಲಿಯೇ ಹತ್ತು ಸಲ ಗೆದ್ದಿದ್ದ ಜಿಯಾಕೊಮೊ ಅಗೊಸ್ಟಿನಿ, ಇನ್ನು ಆ ದ್ವೀಪದಲ್ಲಿ ಪಂದ್ಯಕ್ಕೆ ಇಳಿಯುವುದಿಲ್ಲವೆಂದ. 1976ರ ನಂತರ ವಿಶ್ವ ಚಾಂಪಿಯನ್‌ಷಿಪ್ಪಿನ ಲೆಕ್ಕದಿಂದ ಅದನ್ನು ಕೈಬಿಟ್ಟರು. ಆದರೂ ಸ್ಪರ್ಧಿಗಳು ಬರುವುದು ನಿಲ್ಲಲಿಲ್ಲ. ಇವರನ್ನು ನಾನು ಹುಚ್ಚರೆನ್ನಲಾರೆ. ಅಪಾಯವನ್ನು ಅರಿತು, ಒಪ್ಪಿ, ಬೇರೆಯವರಿಗಾಗಿ ರಸ್ತೆಯನ್ನು ಮುಚ್ಚಿಸಿ ಹೊರಟವರು ಅವರು. ಹೊರಡುವವನೂ ನೋಡುವವನೂ ತಾನು ಏತಕ್ಕೆ ಬಂದೆನೆಂಬುದನ್ನು ಬಲ್ಲ.

ನಮ್ಮ ರಸ್ತೆಯನ್ನು ಯಾರೂ ಮುಚ್ಚಿರುವುದಿಲ್ಲ. ಕನಕಪುರದ ರಸ್ತೆಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲಿನವನಿದ್ದಾನೆ. ಶಾಲೆಗೆ ಹೊರಟ ಮಕ್ಕಳಿವೆ. ಹುಲ್ಲಿನ ಹೊರೆ ಹೊತ್ತು ಬದಿಯನ್ನೂ ಕಾಣಲಾರದೆ ರಸ್ತೆ ದಾಟುವ ಮುದುಕಿಯಿದ್ದಾಳೆ. ಇವರು ಯಾವ ಪಂದ್ಯಕ್ಕೂ ಒಪ್ಪಿಗೆ ಕೊಟ್ಟವರಲ್ಲ. ಊರ ಕೆರೆಯಲ್ಲಿ ಈಜುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ಆದರೆ ನೀರು ಕುಡಿಯಲು ಬಂದವರು ದಡದಲ್ಲಿ ನಿಲ್ಲಲಾರದಂತೆ ಈಜುವ ಹಕ್ಕು ಯಾರಿಗೂ ಇಲ್ಲ. ರಸ್ತೆಯೂ ಅಂಥದೇ. ಅದು ನೂರಾರು ಜನರ ಕೂಡು ಸೊತ್ತು. ಅದರ ಮೇಲೆ ಒಬ್ಬನು ಪಣಕ್ಕೊಡ್ಡುವ ಪ್ರಾಣ ಎಂದೂ ಅವನೊಬ್ಬನದಾಗಿರುವುದಿಲ್ಲ.

ಸರ್ಕಾರದ ಲೆಕ್ಕದಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ದ್ವಿಚಕ್ರ ವಾಹನದ ಮೇಲಿದ್ದವರು ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು. ಇವರೆಲ್ಲ ವೇಗದ ಮೋಹಿಗಳೆಂದು ಯಾರೂ ತಿಳಿಯಬಾರದು. ಹೆಚ್ಚಿನವರು ಕೆಲಸಕ್ಕೆ ಹೊರಟವರು, ಮನೆಗೆ ಹಿಂದಿರುಗುತ್ತಿದ್ದವರು. ಲಾರಿ, ಬಸ್ಸು, ಕಾರುಗಳ ನಡುವೆ ಬೈಕಿನವನೇ ದುರ್ಬಲ. ಅವನ ಸುತ್ತ ತಗಡಿನ ಗೋಡೆಯೂ ಇಲ್ಲ. ಈ ಕಾರಣ ಹೇಳಿಯೇ 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳ ಓಡಾಟವನ್ನು ನಿಷೇಧಿಸಿದರು. ದುರ್ಬಲನನ್ನು ಕಾಪಾಡಲು ಅವನನ್ನೇ ಹೊರಗಿಡುವುದು ಎಷ್ಟು ನ್ಯಾಯವೆಂದು ಸವಾರರು ಕೇಳಿದರು. ಕೇಳತಕ್ಕ ಪ್ರಶ್ನೆಯೇ. ಕಾರಿನೊಳಗೆ ಕುಳಿತು ನೂರಿಪ್ಪತ್ತರಲ್ಲಿ ಓಡುವ ಸದ್ಗೃಹಸ್ಥನು ಬೈಕಿನ ಹುಡುಗನಿಗೆ ನೀತಿ ಹೇಳಹೊರಟರೆ ಅದರಲ್ಲಿ ಹುರುಳಿಲ್ಲ. ಬೈಕಿನವನು ತನ್ನ ಚರ್ಮವನ್ನಾದರೂ ಮುಂದೊಡ್ಡಿರುತ್ತಾನೆ, ಕಾರಿನವನು ಬಹುಮಟ್ಟಿಗೆ ಇತರರದನ್ನು. ಆದ್ದರಿಂದ ನಾನು ಹೇಳುವುದು ಇಬ್ಬರಿಗೂ ಸೇರಿತು.

ಇನ್ನೊಂದು ಪಾಲುದಾರಿಕೆಯಿದೆ, ಅದು ರಸ್ತೆಯ ಮೇಲೆ ಕಾಣುವುದಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಅಂತಿಮ ವರ್ಷದ ಹುಡುಗನೊಬ್ಬ ಬೆಳಗಿನ ಜಾವ ನಂದಿಬೆಟ್ಟಕ್ಕೆಂದು ಹೋದವನು ಹಿಂದಿರುಗಲಿಲ್ಲ. ಪರೀಕ್ಷೆ ಮುಗಿದು ಎರಡು ತಿಂಗಳಾದ ಮೇಲೆ ಅವನ ತಾಯಿ ಕಾಲೇಜಿಗೆ ಬಂದರು. ಹಿಂದಿನ ಸೆಮಿಸ್ಟರಿನ ಅಂಕಪಟ್ಟಿ ಅವನು ತೆಗೆದುಕೊಂಡಿರಲಿಲ್ಲವಂತೆ, ಅದನ್ನು ಕೇಳಲು. ಆಫೀಸಿನ ಗುಮಾಸ್ತರು ರೂಢಿಯ ಮಾತಿನಂತೆ, 'ಅಭ್ಯರ್ಥಿಯೇ ಬಂದು ಸಹಿ ಮಾಡಬೇಕಮ್ಮ' ಎಂದರು. ಆ ತಾಯಿ ಏನೂ ಹೇಳದೆ ನಿಂತರು. ಪಕ್ಕದಲ್ಲಿದ್ದವರು ಮೆಲ್ಲಗೆ ವಿಷಯ ತಿಳಿಸಿದ ಮೇಲೆ ಗುಮಾಸ್ತರು ಎದ್ದು, ತಾವೇ ಪುಸ್ತಕ ತಿರುಗಿಸಿ, ಸಹಿಯ ಜಾಗದಲ್ಲಿ ಆಕೆಯಿಂದ ಸಹಿ ಹಾಕಿಸಿದರು. ಆಕೆ ಅಂಕಪಟ್ಟಿಯನ್ನು ನಿಂತಲ್ಲೇ ಪೂರ್ತಿ ಓದಿ, 'ಕನ್ನಡದಲ್ಲಿ ಎಪ್ಪತ್ತೆರಡು ಬಂದಿದೆ' ಎಂದು ನನ್ನ ಕಡೆ ನೋಡಿ ಹೇಳಿ ಹೊರಟರು. ಪ್ರಾಣ ನನ್ನದು ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ಅಂಕಪಟ್ಟಿ ನೆನಪಾಗುತ್ತದೆ. ಅವನ ಪ್ರಾಣದಲ್ಲಿ ಅವನಿಗಿಂತ ಹೆಚ್ಚಿನ ಪಾಲು ಆಕೆಯದಾಗಿತ್ತೆಂದು ನಾನು ಹೇಳುವುದಿಲ್ಲ. ಪಾಲು ಇತ್ತೆಂದಷ್ಟೆ ಹೇಳುತ್ತೇನೆ.

ಹಾಗಾದರೆ ಗಾಡಿಯನ್ನು ಮನೆಯಲ್ಲೇ ನಿಲ್ಲಿಸಿಬಿಡಬೇಕೆ? ಇಷ್ಟು ಹೇಳಿದ ಮೇಲೆ ಹಾಗೆನ್ನುವುದು ಸುಲಭ. ಅಪಾಯವನ್ನೆಲ್ಲ ಬಿಟ್ಟ ಬದುಕು ಬದುಕಲ್ಲವೆಂದು ಸವಾರ ಹೇಳಿದರೆ ನಾನು ಅವನ ಪಕ್ಷವೇ. ಸಮುದ್ರಕ್ಕಿಳಿಯುವ ಮೊಗವೀರನ ತಾಯಿಯೂ ದಡದಲ್ಲಿ ಕಾಯುತ್ತಾಳೆ. ಕಾಯುವವರಿದ್ದಾರೆಂಬ ಒಂದೇ ಕಾರಣಕ್ಕೆ ಮನುಷ್ಯ ಹೊರಡುವುದನ್ನು ಬಿಟ್ಟಿದ್ದರೆ ಊರುಗಳ ನಡುವೆ ದಾರಿಗಳೇ ಮೂಡುತ್ತಿರಲಿಲ್ಲ. ಬೇಕಾದದ್ದು ಹೊರಡುವುದಕ್ಕೂ ಕಾಯುವವರಿಗೂ ಒಟ್ಟಿಗೆ ನ್ಯಾಯ ಸಲ್ಲುವ ಒಂದು ಅಳತೆ.

ಆ ಅಳತೆಯನ್ನು ಹುಡುಕುವಾಗ ಲಾರೆನ್ಸನ ಕೊನೆ ಸಹಾಯಕ್ಕೆ ಬರುತ್ತದೆ. 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಸೀಮೆಯಲ್ಲಿ ತನ್ನ ಮನೆಯ ಹತ್ತಿರದ ದಾರಿಯಲ್ಲಿ ಅವನು ಬರುತ್ತಿದ್ದ. ಸೈಕಲ್ಲಿನ ಮೇಲೆ ಇಬ್ಬರು ಹುಡುಗರು ಮುಂದಿದ್ದರು. ರಸ್ತೆಯ ತಗ್ಗು ಅವರನ್ನು ಮರೆಮಾಡಿತ್ತು. ಕಂಡೊಡನೆ ಅವರನ್ನು ತಪ್ಪಿಸಲು ಗಾಡಿಯನ್ನು ಹೊರಳಿಸಿ, ಹಿಡಿತ ತಪ್ಪಿ, ಎಸೆಯಲ್ಪಟ್ಟ. ಆರು ದಿನಗಳ ನಂತರ ನಲವತ್ತಾರನೆಯ ವಯಸ್ಸಿನಲ್ಲಿ ಸತ್ತ. ಹುಡುಗರು ಉಳಿದರು. ಅವನಿಗೆ ಚಿಕಿತ್ಸೆ ಮಾಡಿದವರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯ ಒಬ್ಬ. ಆ ಸಾವು ಅವನ ಮನಸ್ಸನ್ನು ಕೊರೆಯಿತು. ಸೇನೆಯ ಮೋಟಾರ್ ಸೈಕಲ್ ಸವಾರರ ತಲೆಯ ಗಾಯಗಳನ್ನು ಅಭ್ಯಾಸ ಮಾಡಿ 1941ರಲ್ಲಿ ಪ್ರಬಂಧ ಪ್ರಕಟಿಸಿದ. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು. ಅಲ್ಲಿನ ಸಾಮಾನ್ಯ ಜನರಿಗೆ ಆ ಕಾನೂನು ಬಂದದ್ದು 1973ರಲ್ಲಿ. ನಮ್ಮ 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮೂ ಇದೇ ಮಾತನ್ನು ಹೇಳುತ್ತದೆ. ಬೈಕಿನ ಕನ್ನಡಿಗೆ ನೇತುಹಾಕಿ, ಪೊಲೀಸರು ಕಂಡಾಗ ಮಾತ್ರ ತಲೆಗೇರಿಸುವ ನಮ್ಮ ಹೆಲ್ಮೆಟ್ಟಿನ ಹಿಂದೆ ಇಷ್ಟು ಕಥೆಯಿದೆ. ಹೊರಡಬೇಡವೆಂದು ಅದು ಹೇಳುವುದಿಲ್ಲ. ಹೊರಡು, ಆದರೆ ನಿನ್ನ ತಲೆ ಒಡೆಯಬಲ್ಲದೆಂಬುದನ್ನು ಮರೆಯದೆ ಹೊರಡು ಎನ್ನುತ್ತದೆ.

ಆದರೆ ಹೆಲ್ಮೆಟ್ಟು ಕಾಯುವುದು ಸವಾರನ ತಲೆಯನ್ನು. ಮುಂದಿರುವ ಇಬ್ಬರು ಹುಡುಗರನ್ನು ಕಾಯುವುದು ಯಾವುದು? ಆ ದಿನ ಕಾದದ್ದು ಲಾರೆನ್ಸನ ಕೈ, ಅವನ ಪ್ರಾಣದ ಬೆಲೆಗೆ. ಆ ತಗ್ಗಿನ ದಾರಿಯಲ್ಲಿ ಅವನಿಗೆ ಎದುರಾದ ಪ್ರಶ್ನೆಯೇ ಎಲ್ಲ ಸವಾರರಿಗೂ ಎದುರಾಗುವ ಪ್ರಶ್ನೆ: ಕಾಣದ ಕಡೆ ಏನಿದೆ? ಇದಕ್ಕೆ ಗಣಿತದ ಉತ್ತರವುಂಟು. ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ ಹೋಗುವವನು ಅಪಾಯ ಕಂಡು ಬ್ರೇಕು ಹಿಡಿಯುವ ಒಂದು ಸೆಕೆಂಡಿನಲ್ಲಿ ಹದಿನೇಳು ಮೀಟರು ಹೋಗಿರುತ್ತಾನೆ. ಒಳ್ಳೆಯ ಒಣ ರಸ್ತೆಯಲ್ಲಿ ಗಾಡಿ ನಿಲ್ಲಲು ಇನ್ನೂ ಇಪ್ಪತ್ತು ಮೀಟರು ಬೇಕು. ಒಟ್ಟು ಮೂವತ್ತೇಳು. ಅವನೇ ನೂರಿಪ್ಪತ್ತರಲ್ಲಿದ್ದರೆ ಮೊದಲ ದೂರ ಇಮ್ಮಡಿಯಾಗುತ್ತದೆ. ಎರಡನೆಯದು ವೇಗದ ವರ್ಗದಂತೆ ಏರಿ ನಾಲ್ಮಡಿಯಾಗುತ್ತದೆ. ಒಟ್ಟು ನೂರಹತ್ತು ಮೀಟರಿಗೂ ಹೆಚ್ಚು. ಆ ದೂರ ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿದ್ದರೆ ಸರಿ. ನಡುವೆ ತಿರುವೋ ದಿಬ್ಬವೋ ಮಂಜೋ ಇದ್ದರೆ, ಆ ಕಾಣದ ಪಾಲಿನಲ್ಲಿ ಯಾರೂ ಇಲ್ಲವೆಂದು ಅವನು ಪಣ ಕಟ್ಟಿದಂತೆ. ಪಣಕ್ಕಿಟ್ಟದ್ದು ಅಲ್ಲಿರಬಹುದಾದವರ ಪ್ರಾಣ.

ಕಂಡಷ್ಟು ದೂರದೊಳಗೆ ನಿಲ್ಲಬಲ್ಲಷ್ಟು ವೇಗ: ಸವಾರನ ಹಕ್ಕಿನ ಎಲ್ಲೆ ಇದೆಂದು ನನಗೆ ತೋರುತ್ತದೆ. ಈ ಎಲ್ಲೆ ಗಾಡಿಗೊಂದು, ಬೋರ್ಡಿಗೊಂದು ಎಂದು ಗೊತ್ತುಮಾಡಿದ ಅಂಕೆಯಲ್ಲ. ಚಿತ್ರದುರ್ಗದ ಬಯಲಿನ ನೆಟ್ಟನೆಯ ಹೆದ್ದಾರಿಯಲ್ಲಿ ಅದು ಹಿಗ್ಗುತ್ತದೆ. ಆಗುಂಬೆಯ ಮಂಜಿನಲ್ಲಿ ಸೈಕಲ್ಲಿನ ವೇಗಕ್ಕೆ ಕುಗ್ಗುತ್ತದೆ. ಹಳ್ಳಿಯ ಶಾಲೆಯ ಮುಂದೆ ನಡಿಗೆಗೆ ಇಳಿಯುತ್ತದೆ. ಕಾನೂನಿನ ಮಿತಿ ಇದಕ್ಕೆ ಬದಲಿಯಲ್ಲ, ಆಸರೆ. ಎಲ್ಲರ ಕಣ್ಣೂ ಎಲ್ಲ ಹೊತ್ತೂ ಚುರುಕಾಗಿರುವುದಿಲ್ಲವಾದ್ದರಿಂದ ಅದೂ ಬೇಕು. ಈ ಎಲ್ಲೆಯೊಳಗೆ ಸವಾರನ ಆನಂದಕ್ಕೆ ಕೊರತೆಯುಂಟೆ? ನಾನು ಕಾಣೆ. ತಿರುವನ್ನು ಓದಿ, ಅದಕ್ಕೆ ತಕ್ಕಂತೆ ಗೇರು ಇಳಿಸಿ, ಮೈಯನ್ನು ವಾಲಿಸಿ ಹದವಾಗಿ ಹೊರಬರುವುದರಲ್ಲಿ ಸಾರಥಿಯ ಕುಶಲತೆಯಿದೆ. ನೆಟ್ಟಗಿನ ದಾರಿಯಲ್ಲಿ ಕೈ ತಿರುವಿಬಿಡುವುದರಲ್ಲಿ ಕುದುರೆಯ ಬಲ ಮಾತ್ರ ಇದೆ. ಅನುಭವಿ ಸವಾರರನ್ನು ಕೇಳಿದರೆ ಅವರೂ ಇದನ್ನೇ ಹೇಳುತ್ತಾರೆ. ವೇಗ ಕೊಳ್ಳಬಹುದಾದ ವಸ್ತು, ಹಣವಿದ್ದವರಿಗೆ ಅಂಗಡಿಯಲ್ಲಿ ಸಿಕ್ಕುತ್ತದೆ. ನಿಲ್ಲುವುದನ್ನು ಕಲಿಯಲು ಸಾವಿರಾರು ಮೈಲಿಯ ದಾರಿ ಬೇಕು.

ರಸ್ತೆಗೆ ಸಲ್ಲುವ ಈ ಮಾತು ಬಹುಶಃ ರಸ್ತೆಯ ಹೊರಗೂ ಸಲ್ಲುತ್ತದೆ. ಮಕ್ಕಳನ್ನು ಓದಿಗೆ ಓಡಿಸುವ ತಂದೆತಾಯಿಗಳು, ಬೆಟ್ಟ ಅಗೆದು ಊರು ಬೆಳೆಸುವ ಯೋಜಕರು, ಎಲ್ಲರೂ ತಮ್ಮ ಕಣ್ಣಿಗೆ ಕಾಣದ ದೂರಕ್ಕೆ ವೇಗವನ್ನು ಏರಿಸಿಯೇ ಹೊರಟಿದ್ದಾರೆ. ಬೈಕಿನ ಹುಡುಗನ ತಪ್ಪು ಹೊರಗೆ ಕಾಣುತ್ತದೆ, ಸದ್ದು ಮಾಡುತ್ತದೆ. ನಮ್ಮ ತಪ್ಪುಗಳಿಗೆ ಸೈಲೆನ್ಸರು ಇದೆ, ಅಷ್ಟೆ. ಆದ್ದರಿಂದ ಅವನಿಗೆ ಬುದ್ಧಿ ಹೇಳುವಾಗ ನಮ್ಮ ದನಿಯಲ್ಲಿ ಸ್ವಲ್ಪ ಸಂಕೋಚವಿರಲಿ. ಮುಂದಿನ ಸಲ ಹೊಸ ಗಾಡಿ ಕೊಂಡ ಹುಡುಗನೊಬ್ಬ ಎದುರಾದರೆ, 'ಎಷ್ಟು ಕೊಡುತ್ತೆ?' ಎಂದೂ 'ಎಷ್ಟು ಹೋಗುತ್ತೆ?' ಎಂದೂ ಕೇಳುವುದಕ್ಕೆ ಮೊದಲು, 'ಬ್ರೇಕು ಹೇಗಿದೆಯಪ್ಪ?' ಎಂದು ಕೇಳಿ ನೋಡಿ. ಒಳ್ಳೆಯ ಸವಾರನಾದರೆ ಅವನ ಮುಖ ಅರಳುತ್ತದೆ. ಆ ವಿಷಯದಲ್ಲಿ ಅವನಿಗೆ ಹೇಳಲು ಬಹಳ ಇರುತ್ತದೆ.